ಬಣ್ಣದ ಪಾಪ್‌ಕಾರ್ನ್ ಜೋಳ

ಬಣ್ಣದ ಪಾಪ್‌ಕಾರ್ನ್ ಜೋಳವು ಹುಲ್ಲಿನ ಕುಟುಂಬಕ್ಕೆ ಸೇರಿದ ಮುಸುಕಿನ ಜೋಳದ ಒಂದು ವರ್ಗ. ಇದರ ಕಾಳು ಸಣ್ಣದು, ಗಾಜಿನಂತೆ ಗಟ್ಟಿ, ಕಾಯಿಸಿದರೆ ಸಿಡಿದು ಅರಳುತ್ತದೆ. ಮಾರುಕಟ್ಟೆಯ ಹಳದಿ ಕಾಳಿನಂತಲ್ಲದೆ ಕೆಂಪು, ನೀಲಿ, ನೇರಳೆ, ಕಂದು, ಕಪ್ಪು ಬಣ್ಣಗಳಲ್ಲಿ, ಕೆಲವು ತಳಿಗಳಲ್ಲಿ ಒಂದೇ ತೆನೆಯೊಳಗೆ ಹಲವು ಬಣ್ಣಗಳಲ್ಲಿ, ಕಾಳು ಕಟ್ಟುತ್ತದೆ. ಸಸ್ಯವಿಜ್ಞಾನದಲ್ಲಿ ಮುಸುಕಿನ ಜೋಳದ ಹೆಸರು ಜಿಯಾ ಮೇಯ್ಸ್. ಅರಳುವ ಗುಂಪಿಗೆ ಎವರ್ಟಾ ಎಂಬ ಹೆಸರನ್ನು ಕೊಟ್ಟವನು ಅಮೆರಿಕದ ಕೃಷಿವಿಜ್ಞಾನಿ ಎಡ್ವರ್ಡ್ ಲೂಯಿಸ್ ಸ್ಟರ್ಟೆವಂಟ್. ದೊಡ್ಡ ಹೊಲದ ವಾಣಿಜ್ಯ ಬೇಸಾಯದಲ್ಲಿ ಬಣ್ಣದ ತಳಿಗಳ ಪಾಲು ಅಲ್ಪ. ಇವು ಉಳಿದು ಬಂದಿರುವುದು ಹೆಚ್ಚಾಗಿ ಅಮೆರಿಕ ಖಂಡದ ಮೂಲನಿವಾಸಿಗಳ ಹೊಲಗಳಲ್ಲಿ ಮತ್ತು ಮನೆಯ ಕೈತೋಟಗಳಲ್ಲಿ.

ಹೆಸರುಗಳು

ಮುಸುಕಿನ ಜೋಳ, ಮೆಕ್ಕೆಜೋಳ, ಗೋವಿನಜೋಳ ಇವು ಮೂರೂ ಒಂದೇ ಬೆಳೆಯ ಹೆಸರುಗಳು, ಪ್ರದೇಶಕ್ಕೆ ತಕ್ಕಂತೆ ಬಳಕೆಯಲ್ಲಿವೆ. ಬರೀ ‘ಜೋಳ’ ಎಂದರೆ ರೊಟ್ಟಿಯ ಜೋಳ. ಅದು ಬೇರೆಯೇ ಸಸ್ಯ. ಕಾಳನ್ನು ಹುರಿದು ಅರಳಿಸುವ ಪದ್ಧತಿ ಕರ್ನಾಟಕಕ್ಕೆ ಮುಸುಕಿನ ಜೋಳದೊಂದಿಗೆ ಬಂದದ್ದಲ್ಲ. ಭತ್ತದ ಅರಳು, ಜೋಳದ ಅರಳು ಇಲ್ಲಿ ಹಳೆಯವು. ಉತ್ತರ ಕರ್ನಾಟಕದಲ್ಲಿ ಅಳ್ಳು ಎಂದು ಕರೆಯುವ ಜೋಳದ ಅರಳು ನಾಗರ ಪಂಚಮಿಯ ತಿನಿಸು. ಆದ್ದರಿಂದ ‘ಜೋಳದ ಅರಳು’ ಎಂಬ ಮಾತನ್ನು ಪಾಪ್‌ಕಾರ್ನ್‌ಗೆ ಬಳಸಿದರೆ ಎರಡು ಬೆಳೆಗಳು ಬೆರೆತುಹೋಗುತ್ತವೆ.

ಈ ಲೇಖನದಲ್ಲಿ ಗಿಡಕ್ಕೂ ಕಾಳಿಗೂ ‘ಪಾಪ್‌ಕಾರ್ನ್ ಜೋಳ’, ಸಿಡಿದು ಹಿಗ್ಗಿದ ಕಾಳಿಗೆ ‘ಅರಳು’, ತೆನೆಯನ್ನು ಹೊದ್ದ ಎಲೆಪದರಗಳಿಗೆ ‘ಮುಸುಕು’, ಕಾಳು ಕಚ್ಚಿಕೊಂಡಿರುವ ಒಳಗಿನ ಭಾಗಕ್ಕೆ ‘ದಿಂಡು’, ಗಿಡದ ತುದಿಯ ಗಂಡು ಹೂಗೊಂಚಲಿಗೆ ‘ಸೂಲಂಗಿ’, ತೆನೆಯ ತುದಿಯಿಂದ ಹೊರಬರುವ ಎಳೆಗಳಿಗೆ ‘ಕೂದಲು’ ಎಂಬ ಪದಗಳನ್ನು ಬಳಸಲಾಗಿದೆ.

ಮೂಲ ಮತ್ತು ಇತಿಹಾಸ

ಮುಸುಕಿನ ಜೋಳದ ಪೂರ್ವಜ ಟಿಯೊಸಿಂಟೆ ಎಂಬ ಕಾಡುಹುಲ್ಲು. ದಕ್ಷಿಣ ಮೆಕ್ಸಿಕೊದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಸುಮಾರು 9,000 ವರ್ಷಗಳ ಹಿಂದೆ ಜನ ಅದನ್ನು ಪಳಗಿಸತೊಡಗಿದರು. ಟಿಯೊಸಿಂಟೆಯ ಕಾಳಿನ ಹೊರಕವಚ ಕಲ್ಲಿನಷ್ಟು ಗಡಸು. ಕುಟ್ಟಿ ತಿನ್ನುವುದು ಕಷ್ಟ. ಆದರೆ ಕಾಯಿಸಿದರೆ ಅದೂ ಕವಚ ಒಡೆದು ಅರಳುತ್ತದೆ ಎಂಬುದನ್ನು ತಳಿವಿಜ್ಞಾನಿ ಜಾರ್ಜ್ ಬೀಡಲ್ 1939ರಲ್ಲಿ ತೋರಿಸಿದ. ಆರಂಭದ ಜನ ಈ ಹುಲ್ಲನ್ನು ಅರಳಿಸಿಯೇ ತಿಂದಿರಬಹುದು ಎಂಬ ಊಹೆಗೆ ಇದು ಆಧಾರ.

ಪುರಾತತ್ತ್ವದ ಸಾಕ್ಷ್ಯವೂ ಪಾಪ್‌ಕಾರ್ನ್ ಜೋಳದ ಪ್ರಾಚೀನತೆಯನ್ನು ಹೇಳುತ್ತದೆ. ಉತ್ತರ ಪೆರುವಿನ ಕರಾವಳಿಯ ಪರೆದೋನೆಸ್ ಮತ್ತು ವಾಕಾ ಪ್ರಿಯೆಟಾ ನೆಲೆಗಳಲ್ಲಿ ಸಿಕ್ಕ ದಿಂಡು, ಮುಸುಕು ಮತ್ತು ಕಾಂಡದ ಅವಶೇಷಗಳಲ್ಲಿ ಅತ್ಯಂತ ಹಳೆಯವು ಸುಮಾರು 6,700 ವರ್ಷ ಹಿಂದಿನವು. ಅವುಗಳಲ್ಲಿ ಅರಳುವ ಬಗೆಯದೂ ಇತ್ತೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ವಿವರಿಸಿತು. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ‘ಬ್ಯಾಟ್ ಕೇವ್’ ಗುಹೆಯ ಉತ್ಖನನದಲ್ಲಿಯೂ ಹಳೆಯ ಸಣ್ಣ ತೆನೆಗಳು ದೊರೆತಿವೆ. ಮೆಕ್ಸಿಕೊದ ದೇಶೀ ತಳಿಗಳಲ್ಲಿ ಅತ್ಯಂತ ಪ್ರಾಚೀನವೆಂದು ಎಣಿಸಿದ ಗುಂಪಿನಲ್ಲಿ ಪಾಲೊಮೆರೊ ತೊಲುಕೆನ್ಯೊ ಮತ್ತು ಕಂದು ಕಾಳಿನ ಚಪಾಲೊಟೆ ಎರಡೂ ಅರಳುವವು. 16ನೇ ಶತಮಾನದ ಸ್ಪ್ಯಾನಿಷ್ ಪಾದ್ರಿ ಬರ್ನಾರ್ಡಿನೊ ದೆ ಸಹಾಗುನ್ ಆಸ್ಟೆಕ್ ಜನರ ಅರಳಿನ ಬಳಕೆಯನ್ನು ದಾಖಲಿಸಿದ್ದಾನೆ. ಅವರ ನಹುವಾತ್ಲ್ ಭಾಷೆಯಲ್ಲಿ ಅರಳಿನ ಹೆಸರು ಮೊಮೊಚಿತ್ಲ್. ಹಬ್ಬಗಳಲ್ಲಿ ಅದನ್ನು ಮಾಲೆ ಕಟ್ಟಿ ತೊಡುತ್ತಿದ್ದರು.

ಬಣ್ಣದ ತಳಿಗಳು ಹಿಂದೆ ಸರಿದದ್ದು ಅರಳು ಬೀದಿ ವ್ಯಾಪಾರದ ಸರಕಾದ ಮೇಲೆ. ಷಿಕಾಗೊ ನಗರದ ಚಾರ್ಲ್ಸ್ ಕ್ರೆಟರ್ಸ್ ತಯಾರಿಸಿದ, ಉಗಿಯಿಂದ ನಡೆಯುವ ಅರಳಿಸುವ ಯಂತ್ರ 1893ರ ವಿಶ್ವ ಪ್ರದರ್ಶನದಲ್ಲಿ ಜನರ ಕಣ್ಣಿಗೆ ಬಿತ್ತು. ಯಂತ್ರಕ್ಕೆ ಬೇಕಿದ್ದದ್ದು ಒಂದೇ ಗಾತ್ರದ, ಒಂದೇ ಸಮನೆ ಅರಳುವ ಕಾಳು. 20ನೇ ಶತಮಾನದಲ್ಲಿ ಸಂಶೋಧಕರ ಗಮನ ಹೆಚ್ಚು ಹಿಗ್ಗುವ ಹಳದಿ ಹೈಬ್ರಿಡ್‌ಗಳತ್ತ ತಿರುಗಿತು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓದಿದ ಆರ್ವಿಲ್ ರೆಡನ್‌ಬಾಕರ್ ತನ್ನ ಜೊತೆಗಾರ ಚಾರ್ಲ್ಸ್ ಬೌಮನ್‌ನೊಂದಿಗೆ 1960ರ ದಶಕದಲ್ಲಿ ರೂಪಿಸಿದ ಹೈಬ್ರಿಡ್ ಇವುಗಳಲ್ಲಿ ಪ್ರಸಿದ್ಧ.

ಭಾರತದಲ್ಲಿ ಮುಸುಕಿನ ಜೋಳದ ಪ್ರಾಚೀನತೆಯ ಚರ್ಚೆಗೆ ಕರ್ನಾಟಕದ ನಂಟಿದೆ. ಸೋಮನಾಥಪುರದ ಕೇಶವ ದೇವಾಲಯ ಮೊದಲಾದ ಹೊಯ್ಸಳ ಗುಡಿಗಳ ಶಿಲ್ಪಗಳು ಹಿಡಿದಿರುವ ವಸ್ತು ಮುಸುಕಿನ ಜೋಳದ ತೆನೆಯೇ ಎಂದು 1989ರಲ್ಲಿ ಸಂಶೋಧಕರಾದ ಕಾರ್ಲ್ ಜೊಹಾನೆಸನ್ ಮತ್ತು ಆನ್ ಪಾರ್ಕರ್ ವಾದಿಸಿದರು. ಭಾರತದ ಮುಸುಕಿನ ಜೋಳ ತಜ್ಞರಾದ ಪಾಯಕ್ ಮತ್ತು ಸಚನ್ 1993ರಲ್ಲಿ ಇದನ್ನು ನಿರಾಕರಿಸಿ, ಅದು ಮುತ್ತುಗಳಿಂದ ಕೂಡಿದ ಕಾಲ್ಪನಿಕ ಮುಕ್ತಾಫಲ ಎಂದರು. ಬೆಳೆ ಕೊಲಂಬಸ್ಸನ ನಂತರವೇ ಏಷ್ಯಾಕ್ಕೆ ಬಂತು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಪೂರ್ವ ಹಿಮಾಲಯದ ‘ಸಿಕ್ಕಿಂ ಪ್ರಿಮಿಟಿವ್’ ಎಂಬ ಅರಳುವ ತಳಿಯನ್ನು ಎನ್. ಎಲ್. ಧವನ್ 1964ರಲ್ಲಿ ವಿವರಿಸಿದರು; ಒಂದೇ ಗಿಡದಲ್ಲಿ ಹಲವು ಸಣ್ಣ ತೆನೆ ಬಿಡುವುದು ಅದರ ಲಕ್ಷಣ.

ಕಾಳಿನ ರಚನೆ

ಕಾಳಿನ ಹೊರಗಿನಿಂದ ಒಳಕ್ಕೆ ಮೂರು ಮುಖ್ಯ ಭಾಗಗಳು ಬಣ್ಣಕ್ಕೆ ಸಂಬಂಧಿಸಿವೆ. ಮೊದಲನೆಯದು ಫಲಭಿತ್ತಿ, ಅಂದರೆ ಸಿಪ್ಪೆ. ಅದರ ಕೆಳಗೆ ಅಲ್ಯೂರೋನ್ ಎಂಬ, ಒಂದೇ ಜೀವಕೋಶದಷ್ಟು ದಪ್ಪದ ಪದರ. ಅದರೊಳಗೆ ಪಿಷ್ಟ ತುಂಬಿದ ಭ್ರೂಣಾಹಾರ. ಬುಡದ ಒಂದು ಪಕ್ಕದಲ್ಲಿ ಭ್ರೂಣ. ಪಾಪ್‌ಕಾರ್ನ್ ಜೋಳದಲ್ಲಿ ಭ್ರೂಣಾಹಾರದ ಬಹುಭಾಗ ಅರೆಪಾರದರ್ಶಕವಾದ ಗಡಸು ಪಿಷ್ಟ. ಮೆದು ಹಿಟ್ಟಿನಂಥ ಪಿಷ್ಟ ನಡುವಿನಲ್ಲಿ ಸ್ವಲ್ಪ ಮಾತ್ರ. ಕಾಳು ಚೂಪಾಗಿದ್ದರೆ ‘ಅಕ್ಕಿ ಮಾದರಿ’, ದುಂಡಗಿದ್ದರೆ ‘ಮುತ್ತು ಮಾದರಿ’ ಎಂದು ವಿಂಗಡಿಸುತ್ತಾರೆ.

ಸಿಪ್ಪೆಯ ಕೆಂಪು, ಕಂದು ಬಣ್ಣಗಳಿಗೆ ಫ್ಲೊಬಾಫೀನ್ ಮತ್ತು ಆಂಥೋಸಯನಿನ್ ವರ್ಣದ್ರವ್ಯಗಳು ಕಾರಣ. ಅಲ್ಯೂರೋನ್ ಪದರದ ನೀಲಿ, ನೇರಳೆ, ಕೆಂಪು ಆಂಥೋಸಯನಿನ್‌ನವು. ಭ್ರೂಣಾಹಾರದ ಹಳದಿ ಕೆರೋಟಿನಾಯ್ಡ್‌ಗಳದು. ಕಣ್ಣಿಗೆ ಕಾಣುವ ಬಣ್ಣ ಈ ಪದರಗಳು ಒಂದರ ಮೇಲೊಂದು ಕೂತ ಫಲ: ಬಣ್ಣವಿಲ್ಲದ ಸಿಪ್ಪೆಯಡಿ ನೀಲಿ ಅಲ್ಯೂರೋನ್ ಇದ್ದರೆ ಕಾಳು ನೀಲಿ, ಕಡುಗೆಂಪು ಸಿಪ್ಪೆಯಡಿ ಅದೇ ನೀಲಿ ಇದ್ದರೆ ಕಾಳು ಹೆಚ್ಚು ಕಡಮೆ ಕಪ್ಪು.

ಬಣ್ಣ ಇಳಿದು ಬರುವ ಬಗೆ

ಸಿಪ್ಪೆ ತಾಯಿಗಿಡದ ಅಂಗಾಂಶ. ಆದ್ದರಿಂದ ಸಿಪ್ಪೆಯಲ್ಲೇ ಬಣ್ಣವಿರುವ ತೆನೆಯ ಕಾಳುಗಳೆಲ್ಲ ಸಾಮಾನ್ಯವಾಗಿ ಒಂದೇ ಬಣ್ಣ; ಪರಾಗ ಎಲ್ಲಿಂದ ಬಂದರೂ ಆ ವರ್ಷ ವ್ಯತ್ಯಾಸ ಕಾಣದು. ಅಲ್ಯೂರೋನ್ ಮತ್ತು ಭ್ರೂಣಾಹಾರ ಹಾಗಲ್ಲ. ಅವುಗಳಲ್ಲಿ ಎರಡು ಪಾಲು ತಾಯಿಯದು, ಒಂದು ಪಾಲು ತಂದೆಯದು. ತೆನೆಯ ಪ್ರತಿ ಕಾಳಿಗೂ ಬೇರೆ ಪರಾಗರೇಣು ತಂದೆಯಾಗಬಹುದಾದ್ದರಿಂದ ಒಂದೇ ತೆನೆಯಲ್ಲಿ ಹತ್ತು ಬಣ್ಣ ಕೂಡುತ್ತವೆ. ಪರಾಗದ ಪ್ರಭಾವ ಹೀಗೆ ಅದೇ ವರ್ಷದ ಕಾಳಿನಲ್ಲೇ ಕಾಣುವುದನ್ನು ಕ್ಸೀನಿಯಾ ಎನ್ನುತ್ತಾರೆ. ಸಸ್ಯವಿಜ್ಞಾನಿಗಳಾದ ಕಾರ್ಲ್ ಕಾರೆನ್ಸ್ ಮತ್ತು ಹ್ಯೂಗೊ ಡಿ ವ್ರೀಸ್ 1899ರಲ್ಲಿ ಮುಸುಕಿನ ಜೋಳದಲ್ಲಿ ಇದನ್ನು ವಿವರಿಸಿದರು. ಮರುವರ್ಷ ಮೆಂಡೆಲ್‌ನ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲಿಯೂ ಇವರಿಬ್ಬರಿದ್ದರು.

ಕಾಳಿನ ಮೇಲೆ ಚುಕ್ಕೆ, ಗೀರು ಕಾಣುವುದಕ್ಕೆ ಒಂದು ಕಾರಣ, ಕ್ರೋಮೋಸೋಮಿನಲ್ಲಿ ಜಾಗ ಬದಲಿಸುವ ತಳಿತುಣುಕುಗಳು. ಅವು ಬಣ್ಣದ ಜೀನಿನೊಳಗೆ ಹೊಕ್ಕರೆ ಬಣ್ಣ ನಿಲ್ಲುತ್ತದೆ, ಕಾಳು ಬೆಳೆಯುವಾಗ ಕೆಲವು ಜೀವಕೋಶಗಳಲ್ಲಿ ಹೊರಬಿದ್ದರೆ ಅಲ್ಲಿ ಬಣ್ಣ ಮರಳುತ್ತದೆ. ಇಂಥ ಕಾಳುಗಳನ್ನು ದಶಕಗಳ ಕಾಲ ಅಭ್ಯಸಿಸಿದ ಬಾರ್ಬರಾ ಮ್ಯಾಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಪರಾಗದ ವಿಷಯದಲ್ಲಿ ಪಾಪ್‌ಕಾರ್ನ್ ಜೋಳಕ್ಕೆ ಒಂದು ವಿಶೇಷ ರಕ್ಷಣೆ ಇದೆ. ಹಲವು ತಳಿಗಳಲ್ಲಿರುವ ಜಿಎ1-ಎಸ್ ಎಂಬ ಜೀನಿನಿಂದಾಗಿ ಅವುಗಳ ಕೂದಲು ಸಾಮಾನ್ಯ ಹೊಲದ ಮುಸುಕಿನ ಜೋಳದ ಪರಾಗವನ್ನು ಸ್ವೀಕರಿಸುವುದಿಲ್ಲ. ವಿರುದ್ಧ ದಿಕ್ಕಿನಲ್ಲಿ ಈ ತಡೆ ಇಲ್ಲ: ಪಾಪ್‌ಕಾರ್ನ್ ಜೋಳದ ಪರಾಗ ಪಕ್ಕದ ಸಿಹಿಜೋಳದ ಮೇಲೆ ಬಿದ್ದರೆ ಅದರ ಕಾಳು ಸಿಹಿ ಕಳೆದುಕೊಂಡು ಗಡುಸಾಗುತ್ತದೆ. ರಕ್ಷಕ ಜೀನು ಎಲ್ಲ ತಳಿಗಳಲ್ಲೂ ಇಲ್ಲ. ಇಲ್ಲದವುಗಳಿಗೆ ಹೊಲದ ಮುಸುಕಿನ ಜೋಳದ ಪರಾಗ ತಗಲಿದರೆ ಕಾಳು ಅರಳುವ ಶಕ್ತಿ ಆ ವರ್ಷವೇ ಕುಗ್ಗುತ್ತದೆ.

ಅರಳುವ ಕ್ರಿಯೆ

ಕಾಳಿನೊಳಗೆ ತೂಕದ ಶೇ. 13.5ರಿಂದ 14ರಷ್ಟು ನೀರು ಇರಬೇಕು. ಕಾಯಿಸಿದಾಗ ಆ ನೀರು ಆವಿಯಾಗಲು ಹೊರಟರೂ ಬಿಗಿಯಾದ ಸಿಪ್ಪೆ ಹೊರಹೋಗಲು ಬಿಡುವುದಿಲ್ಲ. ಸಿಪ್ಪೆ ಇಲ್ಲಿ ಸಣ್ಣದೊಂದು ಪ್ರೆಶರ್ ಕುಕ್ಕರ್. ಒಳಗಿನ ಪಿಷ್ಟ ಬೆಂದು ಮೆತ್ತಗಾಗುತ್ತದೆ. ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಒತ್ತಡ ವಾತಾವರಣದ ಒತ್ತಡದ ಒಂಬತ್ತು ಪಟ್ಟಿನಷ್ಟಾದಾಗ ಸಿಪ್ಪೆ ಹರಿದು, ಪಿಷ್ಟ ನೊರೆಯಂತೆ ಉಬ್ಬಿ, ತಣಿದು ಗಟ್ಟಿಯಾಗುತ್ತದೆ. ಸಿಡಿಯುವ ಸದ್ದು ಸಿಪ್ಪೆ ಹರಿದದ್ದಲ್ಲ, ಒತ್ತಡದ ಆವಿ ಹೊರನುಗ್ಗಿದ್ದು ಎಂದು ಫ್ರಾನ್ಸಿನ ಇಬ್ಬರು ಸಂಶೋಧಕರು 2015ರಲ್ಲಿ ತೋರಿಸಿದರು. ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆವಿ ಸೋರಿ ಕಾಳು ಹಾಗೆಯೇ ಉಳಿಯುತ್ತದೆ.

ಬಣ್ಣದ ಕಾಳಿನಿಂದ ಬಣ್ಣದ ಅರಳು ಬರುವುದಿಲ್ಲ. ಉಬ್ಬುವುದು ಭ್ರೂಣಾಹಾರ, ಅದು ಬಿಳಿ ಅಥವಾ ತಿಳಿಹಳದಿ. ಬಣ್ಣ ಹೊತ್ತ ಸಿಪ್ಪೆ ಮತ್ತು ಅಲ್ಯೂರೋನ್ ಚೂರುಗಳು ಅರಳಿನ ಬುಡದಲ್ಲಿ ಕಡುಬಣ್ಣದ ಕಲೆಯಾಗಿ ಉಳಿಯುತ್ತವೆ, ಅಷ್ಟೇ. ಅಂಗಡಿಯ ಗುಲಾಬಿ, ಹಸಿರು ಅರಳುಗಳ ಬಣ್ಣ ಸಕ್ಕರೆ ಪಾಕದಲ್ಲಿ ಬೆರೆಸಿದ್ದು.

ತಳಿಗಳು

ಸ್ಟ್ರಾಬೆರಿ: ತೆನೆ 5ರಿಂದ 8 ಸೆಂ.ಮೀ., ದುಂಡಗೆ, ಕಡುಗೆಂಪು ಕಾಳು. ಹೆಸರು ಬಂದದ್ದು ಆಕಾರ, ಬಣ್ಣ ಎರಡರಿಂದಲೂ. ಗಿಡ ಗಿಡ್ಡ, ಒಂದಕ್ಕಿಂತ ಹೆಚ್ಚು ತೆನೆ ಬಿಡುತ್ತದೆ. ಸಣ್ಣ ಜಾಗಕ್ಕೆ ಹೊಂದುವ ತಳಿ.

ಡಕೋಟಾ ಬ್ಲ್ಯಾಕ್: ಕಪ್ಪಿಗೆ ತಿರುಗಿದ ಕಡುಕೆಂಪು ಕಾಳಿನ, ಮುಕ್ತ ಪರಾಗಸ್ಪರ್ಶದ ತಳಿ. ಅರಳು ಬಿಳಿ.

ಗ್ಲಾಸ್ ಜೆಮ್: ಓಕ್ಲಹೋಮ ರಾಜ್ಯದ, ಚೆರೊಕಿ ಮೂಲದ ಕಾರ್ಲ್ ಬಾರ್ನ್ಸ್ ಹಲವು ವರ್ಷ ಆಯ್ಕೆ ಮಾಡಿ ರೂಪಿಸಿದ ತಳಿ. ಪಾನೀ ಜನರ ಸಣ್ಣ ಪಾಪ್‌ಕಾರ್ನ್ ಜೋಳ ಮತ್ತು ಓಸೇಜ್ ಜನರ ಬಣ್ಣದ ಜೋಳಗಳ ಬೆರಕೆಯಿಂದ ಬಂದದ್ದು. ಬಾರ್ನ್ಸ್ ಬೀಜವನ್ನು ತನ್ನ ಶಿಷ್ಯ ಗ್ರೆಗ್ ಶೋನ್‌ಗೆ ಕೊಟ್ಟ. ಅರಿಜೋನದ ‘ನೇಟಿವ್ ಸೀಡ್ಸ್ ಸರ್ಚ್’ ಎಂಬ ಬೀಜ ಸಂರಕ್ಷಣಾ ಸಂಸ್ಥೆ ಅದನ್ನು ಹಂಚಿತು. 2012ರಲ್ಲಿ ಒಂದು ತೆನೆಯ ಛಾಯಾಚಿತ್ರ ಅಂತರ್ಜಾಲದಲ್ಲಿ ಹರಡಿದ ಮೇಲೆ ಬೇಡಿಕೆ ಏಕಾಏಕಿ ಏರಿತು. ಗಾಜಿನ ಮಣಿಯಂತೆ ಹೊಳೆಯುವ ಕಾಳಿಗಾಗಿ ಆರಿಸಿದ ತಳಿಯಾದ್ದರಿಂದ ಇದರ ಅರಳು ಸಣ್ಣದು. ಅಂದಕ್ಕೆ ಬೆಳೆಯುವವರೇ ಹೆಚ್ಚು.

ಕ್ಯಾಲಿಕೊ ಬಹುಬಣ್ಣದ್ದು, ಜಪಾನೀಸ್ ಹಲ್‌ಲೆಸ್ ಬಿಳಿ ಕಾಳಿನದು. ಎರಡನೆಯದರ ಹೆಸರಿನಲ್ಲಿ ‘ಸಿಪ್ಪೆಯಿಲ್ಲದ’ ಎಂದಿದ್ದರೂ ಸಿಪ್ಪೆ ಇದ್ದೇ ಇದೆ. ತೆಳುವಾಗಿದ್ದು ಸಿಡಿದಾಗ ಚೂರಾಗುವುದರಿಂದ ಹಲ್ಲಿಗೆ ಸಿಕ್ಕುವುದು ಕಡಮೆ. ಭಾರತದಲ್ಲಿ ಬಿಡುಗಡೆಯಾದ ಅಂಬರ್ ಪಾಪ್‌ಕಾರ್ನ್ ಮತ್ತು ಅಲ್ಮೋರಾದ ವಿವೇಕಾನಂದ ಪರ್ವತೀಯ ಕೃಷಿ ಅನುಸಂಧಾನ ಸಂಸ್ಥೆಯ ವಿಎಲ್ ಅಂಬರ್ ಪಾಪ್‌ಕಾರ್ನ್ ಹಳದಿ, ಕಿತ್ತಳೆ ಛಾಯೆಯವು.

ಕೈತೋಟದಲ್ಲಿ ಬೇಸಾಯ

ದಿನಕ್ಕೆ ಕನಿಷ್ಠ ಆರೇಳು ಗಂಟೆ ನೇರ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಬೇಕು. ಮಣ್ಣು 16 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕೆಂಬ ನಿಯಮ ಶೀತ ದೇಶಗಳಿಗೆ ಮುಖ್ಯ; ಕರ್ನಾಟಕದಲ್ಲಿ ಅದು ವರ್ಷದ ಬಹುಪಾಲು ತಾನಾಗಿಯೇ ಒದಗುತ್ತದೆ. ಇಲ್ಲಿ ನೋಡಬೇಕಾದದ್ದು ಕೊಯ್ಲಿನ ಹವೆ. ಜೂನ್–ಜುಲೈನಲ್ಲಿ ಬಿತ್ತಿದ ಬೆಳೆ ಹಿಂಗಾರು ಮಳೆಗೆ ಸಿಕ್ಕಿದರೆ ತೆನೆ ಗಿಡದಲ್ಲೇ ಬೂಸ್ಟು ಹಿಡಿಯುತ್ತದೆ. ನೀರಿನ ಅನುಕೂಲವಿದ್ದಲ್ಲಿ ಅಕ್ಟೋಬರ್–ನವೆಂಬರಿನ ಬಿತ್ತನೆ ಮೇಲು. ಫೆಬ್ರುವರಿಯ ಒಣ ಬಿಸಿಲಲ್ಲಿ ತೆನೆ ಚೆನ್ನಾಗಿ ಒಣಗುತ್ತದೆ. ಉತ್ತರ ಅಮೆರಿಕದ ದೀರ್ಘ ಹಗಲಿಗೆ ಒಗ್ಗಿದ ತಳಿಗಳು ಉಷ್ಣವಲಯದ ಗಿಡ್ಡ ಹಗಲಿನಲ್ಲಿ ಬೇಗ ಹೂಬಿಟ್ಟು ಕುಳ್ಳಾಗಿಯೇ ಉಳಿಯಬಹುದು.

ಬೀಜವನ್ನು 2.5ರಿಂದ 4 ಸೆಂ.ಮೀ. ಆಳಕ್ಕೆ, ಗಿಡದಿಂದ ಗಿಡಕ್ಕೆ 20–25 ಸೆಂ.ಮೀ., ಸಾಲಿನಿಂದ ಸಾಲಿಗೆ 60 ಸೆಂ.ಮೀ. ಅಂತರದಲ್ಲಿ ಊರುತ್ತಾರೆ. ಬೇಲಿಯುದ್ದಕ್ಕೂ ಒಂದೇ ಸಾಲು ಬಿತ್ತುವುದು ಕೈತೋಟದಲ್ಲಿ ಕಾಣುವ ಸಾಮಾನ್ಯ ತಪ್ಪು. ಪರಾಗ ಗಾಳಿಯಲ್ಲಿ ತೇಲಿ ಬೀಳುತ್ತದೆ. ಪ್ರತಿ ಕೂದಲೂ ಒಂದೊಂದು ಕಾಳಿನ ದಾರಿ. ಪರಾಗ ಸಿಗದ ಕೂದಲಿನ ಜಾಗ ತೆನೆಯಲ್ಲಿ ಖಾಲಿ ಹಲ್ಲಿನಂತೆ ಉಳಿಯುತ್ತದೆ. ಆದ್ದರಿಂದ ಕನಿಷ್ಠ ನಾಲ್ಕು ಸಾಲುಗಳ ಚೌಕ ಮಡಿ ಅಗತ್ಯ. ಸಾಲಿಗೆ ಆರು ಗಿಡದಂತೆ 24 ಗಿಡಗಳಿಗೆ ನಾಲ್ಕು ಚದರ ಮೀಟರ್ ಜಾಗ ಸಾಕು. ಗಿಡ ಇನ್ನೂ ಕಡಮೆ ಇದ್ದರೆ ಬೆಳಿಗ್ಗೆ ಸೂಲಂಗಿಯನ್ನು ಬಗ್ಗಿಸಿ ಕೂದಲಿನ ಮೇಲೆ ಕೊಡವಬೇಕು. ಪರಾಗ ಉದುರುವ ವಾರದಲ್ಲಿ ಇದನ್ನು ಎರಡು ಮೂರು ಸಲ ಮಾಡುತ್ತಾರೆ.

ಪಾಪ್‌ಕಾರ್ನ್ ಜೋಳದ ಸಸಿ ಹೊಲದ ಮುಸುಕಿನ ಜೋಳದ ಸಸಿಗಿಂತ ಸಣಕಲು, ಕಾಂಡ ತೆಳು. ಮೊದಲ ಒಂದು ತಿಂಗಳು ಕಳೆ ಏಳದಂತೆ ನೋಡಿಕೊಂಡು, ಮೊಣಕಾಲೆತ್ತರವಾದಾಗ ಬುಡಕ್ಕೆ ಮಣ್ಣು ಏರಿಸಿದರೆ ಗಾಳಿಗೆ ಬೀಳುವುದು ತಪ್ಪುತ್ತದೆ. ಬಿತ್ತುವ ಮೊದಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮೊಣಕಾಲೆತ್ತರದಲ್ಲಿ ಮತ್ತು ಸೂಲಂಗಿ ಮೂಡುವ ಮುನ್ನ ಸಾರಜನಕದ ಮೇಲುಗೊಬ್ಬರ ಕೊಡುತ್ತಾರೆ. ಕೂದಲು ಹೊರಬರುವ ಮುಂಚಿನ ಒಂದು ವಾರ, ನಂತರದ ಎರಡು ವಾರ ನೀರಿನ ಕೊರತೆ ಆಗಬಾರದು. ಉತ್ತರ ಅಮೆರಿಕದ ಮೂಲನಿವಾಸಿಗಳು ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ‘ಮೂವರು ಅಕ್ಕತಂಗಿಯರು’ ಎಂದು ಒಂದೇ ಗುಡ್ಡೆಯಲ್ಲಿ ಬೆಳೆಯುತ್ತಿದ್ದರು. ಗಿಡ್ಡ ಪಾಪ್‌ಕಾರ್ನ್ ತಳಿಗಳ ಕಾಂಡಕ್ಕೆ ಹಬ್ಬುವ ಹುರುಳಿಕಾಯಿ ಬಳ್ಳಿಯ ಭಾರ ಹೆಚ್ಚಾಗುತ್ತದೆ. ಅವುಗಳ ನಡುವೆ ಅಲಸಂದೆಯಂಥ ಪೊದೆ ಬೆಳೆ ಹೊಂದುತ್ತದೆ.

ಬೇರೆ ಬಗೆಯ ಮುಸುಕಿನ ಜೋಳ ಹತ್ತಿರದಲ್ಲಿದ್ದರೆ ಕನಿಷ್ಠ 200 ಮೀಟರ್ ದೂರ, ಇಲ್ಲವೇ ಹೂಬಿಡುವ ಕಾಲದಲ್ಲಿ ಎರಡು ಮೂರು ವಾರಗಳ ಅಂತರ ಇರಿಸುತ್ತಾರೆ. ಹಾವೇರಿ, ದಾವಣಗೆರೆಯಂಥ ಕಡೆ ಸುತ್ತಲೂ ಮುಸುಕಿನ ಜೋಳವೇ ಇರುವಾಗ ಮುಂಗಾರಿನಲ್ಲಿ ದೂರ ಸಿಗದು. ಕಾಲದ ಅಂತರವೊಂದೇ ದಾರಿ.

ಕೀಟ, ರೋಗ ಮತ್ತು ಪ್ರಾಣಿಗಳು

ಮುಖ್ಯ ಕೀಟ ಫಾಲ್ ಸೈನಿಕ ಹುಳು. ಅಮೆರಿಕ ಖಂಡ ಮೂಲದ ಇದು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮುಸುಕಿನ ಜೋಳದಲ್ಲಿ. ಹುಳು ಸುಳಿಯೊಳಗೆ ಕೂತು ತಿನ್ನುತ್ತದೆ; ಹರಿದ ಎಲೆ, ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ಇದರ ಗುರುತು. ಕೈತೋಟದ ಪ್ರಮಾಣದಲ್ಲಿ ಎಲೆಯ ಮೇಲಿನ ಮೊಟ್ಟೆಗುಂಪನ್ನು ಹಿಸುಕುವುದು, ಹುಳುವನ್ನು ಕೈಯಿಂದ ಆರಿಸುವುದು, ಸುಳಿಗೆ ಮರಳು ಅಥವಾ ಬೂದಿ ಹಾಕುವುದು, ಬೇವಿನ ಕಷಾಯ ಸಿಂಪಡಿಸುವುದು ಸಾಧ್ಯ. ಕಾಂಡಕೊರಕ, ಎಲೆ ಅಂಗಮಾರಿ, ಕೇದಿಗೆ ರೋಗ ಉಳಿದ ಬಾಧೆಗಳು. ಹಾಲುಗಾಳಿನ ಹಂತದಲ್ಲಿ ಗಿಳಿ, ಅಳಿಲುಗಳ ಕಾಟಕ್ಕೆ ತೆನೆಗೆ ಕಾಗದದ ಚೀಲ ಕಟ್ಟುತ್ತಾರೆ. ಪರಾಗಸ್ಪರ್ಶ ಮುಗಿದು ಕೂದಲು ಕಂದಾದ ಮೇಲಷ್ಟೇ ಕಟ್ಟಬೇಕು.

ಕೊಯ್ಲು, ಒಣಗಿಸುವಿಕೆ, ಸಂಗ್ರಹ

ತಳಿಗೆ ತಕ್ಕಂತೆ ಬೆಳೆ 90ರಿಂದ 120 ದಿನಗಳಲ್ಲಿ ಮಾಗುತ್ತದೆ. ಬೇಯಿಸಿ ತಿನ್ನುವ ಮುಸುಕಿನ ಜೋಳದಂತೆ ಹಸಿಯಾಗಿ ಕೊಯ್ಯುವುದಿಲ್ಲ. ಮುಸುಕು ಒಣಗಿ ಕಾಗದದಂತಾಗಬೇಕು, ಕಾಳಿಗೆ ಉಗುರು ನಾಟಬಾರದು, ಕಾಳಿನ ಬುಡದಲ್ಲಿ ಕಪ್ಪು ಪದರ ಕಾಣಬೇಕು. ಬಹುಬಣ್ಣದ ತಳಿಗಳಲ್ಲಿ ಬಣ್ಣ ತುಂಬಿಕೊಳ್ಳುವುದೂ ಈ ಕೊನೆಯ ವಾರಗಳಲ್ಲಿ. ಬೇಗ ಮುಸುಕು ಬಿಚ್ಚಿ ನೋಡಿದರೆ ಮಸುಕಾದ ಕಾಳು ಕಂಡು ನಿರಾಸೆಯಾಗುತ್ತದೆ.

ಕೊಯ್ದ ತೆನೆಗಳ ಮುಸುಕನ್ನು ಹಿಂದಕ್ಕೆ ಮಡಚಿ ಜಡೆ ಹೆಣೆದು ಗಾಳಿಯಾಡುವ ನೆರಳಿನಲ್ಲಿ ತೂಗುಹಾಕುತ್ತಾರೆ. ಒಲೆಯ ಮೇಲೆ, ಒವನ್‌ನಲ್ಲಿ ಒಣಗಿಸಿದರೆ ಸಿಪ್ಪೆ ಬಿರಿಯುತ್ತದೆ. ಎರಡು ಮೂರು ವಾರಗಳ ನಂತರ ನಾಲ್ಕು ದಿನಕ್ಕೊಮ್ಮೆ ಹತ್ತಾರು ಕಾಳು ಬಿಡಿಸಿ ಅರಳಿಸಿ ನೋಡುವುದೇ ಮನೆಯ ತೇವಮಾಪನ. ಅರಳು ಮುದ್ದೆಯಾಗಿ, ಅಗಿಯಲು ರಬ್ಬರಿನಂತಿದ್ದರೆ ತೇವ ಇನ್ನೂ ಹೆಚ್ಚಿದೆ. ಬಾಣಲೆಯ ತಳದಲ್ಲಿ ಕಾಳು ಸಿಡಿಯದೆ ಕರಿಯಾಗಿ ಉಳಿದರೆ ಒಣಗಿದ್ದು ಅತಿಯಾಯಿತು; ಆಗ ಮುಕ್ಕಾಲು ತುಂಬಿದ ಲೀಟರ್ ಜಾಡಿಗೆ ಒಂದು ದೊಡ್ಡ ಚಮಚ ನೀರು ಹಾಕಿ, ಮುಚ್ಚಿ, ಮೂರು ನಾಲ್ಕು ದಿನ ಆಗಾಗ ಕುಲುಕಿದರೆ ಕಾಳು ಮತ್ತೆ ಹದಕ್ಕೆ ಬರುತ್ತದೆ. ಹದಕ್ಕೆ ಬಂದ ಕಾಳನ್ನು ಗಾಳಿಯಾಡದ ಜಾಡಿಯಲ್ಲಿ ತುಂಬುತ್ತಾರೆ. ಬಟ್ಟೆಯ ಚೀಲದಲ್ಲಿಟ್ಟರೆ ಬೇಸಿಗೆಯಲ್ಲಿ ಒಣಗಿ, ಮಳೆಗಾಲದಲ್ಲಿ ತೇವ ಹೀರಿ ಹದ ಕೆಡುತ್ತದೆ.

ಬೀಜ ಉಳಿಸುವಿಕೆ

ಹೈಬ್ರಿಡ್ ತಳಿಯ ಕಾಳನ್ನು ಬಿತ್ತಿದರೆ ಮರುವರ್ಷ ಗುಣ ಚದುರುತ್ತದೆ. ಬೀಜಕ್ಕೆ ಮುಕ್ತ ಪರಾಗಸ್ಪರ್ಶದ ತಳಿ ಬೇಕು. ಮುಸುಕಿನ ಜೋಳ ಪರಕೀಯ ಪರಾಗಸ್ಪರ್ಶದ ಸಸ್ಯವಾದ್ದರಿಂದ ಕೆಲವೇ ಗಿಡಗಳಿಂದ ಬೀಜ ಹಿಡಿದರೆ ಕೆಲವು ತಲೆಮಾರಿನಲ್ಲಿ ಬೆಳೆ ಸೊರಗುತ್ತದೆ. 100 ಗಿಡಗಳ ಮಡಿ ಮತ್ತು ಹಲವು ತೆನೆಗಳಿಂದ ಬೆರೆಸಿದ ಬೀಜ ಸಾಮಾನ್ಯ ಶಿಫಾರಸು. ಚಿಕ್ಕ ತೋಟದವರು ನಾಲ್ಕೈದು ಮನೆಗಳ ಬೀಜ ಕೂಡಿಸಿ ಇದನ್ನು ಸಾಧಿಸುತ್ತಾರೆ. ಬಣ್ಣ ನೋಡಿ ಮಾತ್ರ ಬೀಜ ಆರಿಸಿದರೆ ಅರಳುವ ಗುಣ ಗಮನಕ್ಕೆ ಬಾರದೆ ಕ್ಷೀಣಿಸುತ್ತದೆ. ಆದ್ದರಿಂದ ಬೀಜದ ತೆನೆ ಪ್ರತಿಯೊಂದರಿಂದಲೂ ಕೆಲವು ಕಾಳು ಅರಳಿಸಿ ನೋಡಿ, ಚೆನ್ನಾಗಿ ಅರಳಿದ ತೆನೆಯ ಉಳಿದ ಕಾಳನ್ನು ಬಿತ್ತನೆಗೆ ಇಡುವುದು ರೂಢಿ.

ಉಪಯೋಗಗಳು

ಮುಖ್ಯ ಬಳಕೆ ಅರಳು. ಸುಮಾರು 30 ಗ್ರಾಂ ಕಾಳಿನಿಂದ ಒಂದು ಲೀಟರ್ ಅರಳು ಬರುತ್ತದೆ; ಸುಧಾರಿತ ಹಳದಿ ಹೈಬ್ರಿಡ್‌ಗಳಲ್ಲಿ ಇನ್ನೂ ಹೆಚ್ಚು, ಹಳೆಯ ಬಣ್ಣದ ತಳಿಗಳಲ್ಲಿ ಕಡಮೆ. ಕಾಳನ್ನು ಬೀಸಿ ಹಿಟ್ಟು, ರವೆ ಮಾಡಬಹುದು. ಗಡುಸಾದ್ದರಿಂದ ಮನೆಯ ಮಿಕ್ಸಿಗೆ ಕಷ್ಟ. ಅಮೆರಿಕದಲ್ಲಿ ಬಣ್ಣದ ಒಣ ತೆನೆಗಳನ್ನು ಶರತ್ಕಾಲದಲ್ಲಿ ಬಾಗಿಲಿಗೆ ತೂಗುವ ಪದ್ಧತಿ ಇದೆ. ಅಲಂಕಾರಕ್ಕೆಂದು ಮಾರುವ ತೆನೆಗೆ ಮೆರುಗೆಣ್ಣೆ ಬಳಿದಿರುವುದುಂಟು. ಅಂಥದ್ದನ್ನು ಅರಳಿಸಿ ತಿನ್ನಬಾರದು.

ಈಗಿನ ಸ್ಥಿತಿ

ವಾಣಿಜ್ಯ ಪಾಪ್‌ಕಾರ್ನ್ ಜೋಳದ ಬೇಸಾಯದಲ್ಲಿ ಅಮೆರಿಕದ ನೆಬ್ರಾಸ್ಕ ಮತ್ತು ಇಂಡಿಯಾನಾ ರಾಜ್ಯಗಳು ಮುಂದಿವೆ; ಅರ್ಜೆಂಟೀನ ದೊಡ್ಡ ರಫ್ತುದಾರ ದೇಶ. ಅಲ್ಲೆಲ್ಲ ಬೆಳೆಯುವುದು ಬಹುತೇಕ ಹಳದಿ. ಬಣ್ಣದ ತಳಿಗಳ ಬೀಜವನ್ನು ಉಳಿಸಿಕೊಂಡು ಬರುತ್ತಿರುವವರು ಮೂಲನಿವಾಸಿ ಸಮುದಾಯಗಳು, ಬೀಜ ಸಂರಕ್ಷಣಾ ಸಂಸ್ಥೆಗಳು ಮತ್ತು ಸಣ್ಣ ಬೀಜ ವ್ಯಾಪಾರಿಗಳು. ಭಾರತದಲ್ಲಿ ಕರ್ನಾಟಕ ಪ್ರಮುಖ ಮುಸುಕಿನ ಜೋಳದ ರಾಜ್ಯವಾಗಿದ್ದರೂ ಇಲ್ಲಿನ ಬೆಳೆ ಹೆಚ್ಚಾಗಿ ಕೋಳಿ ಆಹಾರ ಮತ್ತು ಪಿಷ್ಟ ಉದ್ಯಮಕ್ಕೆ ಹೋಗುವಂಥದು. ಬಣ್ಣದ ಪಾಪ್‌ಕಾರ್ನ್ ಜೋಳ ಹವ್ಯಾಸಿಗಳ ತಾರಸಿ ಮತ್ತು ಹಿತ್ತಿಲುಗಳಿಗೆ ಸೀಮಿತ. ಪರದೇಶದಿಂದ ಬಿತ್ತನೆ ಬೀಜ ತರಿಸುವುದು 2003ರ ಸಸ್ಯ ಕ್ವಾರಂಟೈನ್ ಆದೇಶದ ವ್ಯಾಪ್ತಿಗೆ ಬರುತ್ತದೆ. ಆಮದು ಪರವಾನಗಿ ಮತ್ತು ಮೂಲ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಅಂಚೆಯಲ್ಲಿ ತರಿಸಿದ ಪೊಟ್ಟಣವೂ ಈ ನಿಯಮದ ಉಲ್ಲಂಘನೆಯೇ.